ಎರಡು ವರ್ಷ ದಿನವೂ ಬಳಸಿದ ಎಲೆಕ್ಟ್ರಿಕ್ ಕೆಟಲ್: ಕೈ ಬಿಗಿ ಹಿಡಿದು ಬದುಕುವ ಸ್ಟೂಡೆಂಟ್‌ಗಳಿಗೆ

ಹಾಸ್ಟೆಲ್‌ಗೆ ಬಂದ ಮೊದಲ ಸೆಮಿಸ್ಟರ್‌ನಲ್ಲಿ ನನ್ನ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಫೀಸು ಮನೆಯವರು ಕಟ್ಟಿದ್ದರು. ಪುಸ್ತಕ ಲೈಬ್ರರಿಯಲ್ಲಿ ಸಿಗುತ್ತಿತ್ತು. ಹೊಸ ಬಟ್ಟೆ ಕೊಂಡಿರಲಿಲ್ಲ, ಸಿನಿಮಾಕ್ಕೂ ಹೋಗಿರಲಿಲ್ಲ. ಆದರೂ ತಿಂಗಳ ಇಪ್ಪತ್ತನೇ ತಾರೀಕು ಬರುವಷ್ಟರಲ್ಲಿ ಪರ್ಸ್ ಖಾಲಿ. ಅಮ್ಮ ಫೋನ್‌ನಲ್ಲಿ, "ಒಂದು ವಾರ ಎಲ್ಲ ಖರ್ಚು ಬರೆದಿಡು, ಆಮೇಲೆ ಮಾತಾಡೋಣ" ಎಂದರು. ಬರೆದೆ. ಒಂದೇ ವಾರಕ್ಕೆ ಹದಿನೇಳು ಸಲ ಹೊರಗೆ ಹೋಗಿ ಟೀ ಕುಡಿದಿದ್ದೆ. ಟೀ ಒಂದೇ ಆಗಿದ್ದರೆ ಪರವಾಗಿಲ್ಲ, ಹೋದಾಗಲೆಲ್ಲ ಜೊತೆಗೆ ಏನಾದರೂ ತಿನ್ನಲೇಬೇಕು, ಅಲ್ಲಿ ಯಾರಾದರೂ ಸಿಕ್ಕರೆ ಅವರದ್ದೂ ನಾನೇ ಕೊಡಬೇಕು, ರಾತ್ರಿ ಓದುವಾಗ ಹಸಿವಾದರೆ ಮೊಬೈಲ್‌ನಲ್ಲಿ ಆರ್ಡರ್, ಅದಕ್ಕೆ ಡೆಲಿವರಿ ಚಾರ್ಜ್ ಬೇರೆ. ದೊಡ್ಡ ಖರ್ಚು ಒಂದೂ ಇರಲಿಲ್ಲ. ಎಲ್ಲ ಚಿಲ್ಲರೆ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ನನ್ನ ಪರ್ಸಿನ ಮಟ್ಟಿಗೆ ಅದು ಹನಿ ಹನಿಯಾಗಿ ಸೋರುತ್ತಿದ್ದ ಕೊಡ.

ಎದುರಿನ ರೂಮಿನ ಸೀನಿಯರ್ ಅಕ್ಕ ಆ ಪಟ್ಟಿ ನೋಡಿ, "ಒಂದು ಕೆಟಲ್ ತಗೊಳ್ಳೇ, ಇದರಲ್ಲಿ ಅರ್ಧ ನಿಲ್ಲುತ್ತೆ" ಎಂದರು. ನಾವು ರೂಮಿನಲ್ಲಿ ಮೂರು ಜನ. ಮೂವರೂ ಸೇರಿ ದುಡ್ಡು ಹಾಕಿ ಒಂದು ತಂದೆವು. ಅದಾಗಿ ಎರಡು ವರ್ಷ ಆಯಿತು. ದಿನಕ್ಕೆ ಕಮ್ಮಿ ಎಂದರೂ ಐದು ಸಲ ಕುದಿಸಿದ್ದೇವೆ. ಈಗ ಅದರ ಬಗ್ಗೆ ನಾಲ್ಕು ಮಾತು ಬರೆಯುವಷ್ಟು ಗೊತ್ತಾಗಿದೆ ಅನ್ನಿಸುತ್ತಿದೆ.

ಕಂಪನಿ ಹೆಸರು ಬರೆಯುವುದಿಲ್ಲ. ಯಾಕೆಂದರೆ ಈ ಜಾತಿಯ ಕೆಟಲ್‌ಗಳು ಒಳಗಿನಿಂದ ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ನಮ್ಮದು ಒಂದೂವರೆ ಲೀಟರ್, 1500 ವ್ಯಾಟ್, ಒಳಗಡೆ ಪೂರ್ತಿ ಸ್ಟೀಲ್, ಹಿಡಿ ಮತ್ತು ಮುಚ್ಚಳದ ಮೇಲ್ಭಾಗ ಮಾತ್ರ ಪ್ಲಾಸ್ಟಿಕ್. ಕೆಳಗೆ ಒಂದು ದುಂಡನೆ ಸ್ಟ್ಯಾಂಡ್, ವೈರ್ ಅದಕ್ಕೇ ಸೇರಿದೆ. ಕೆಟಲ್ ಎತ್ತಿಕೊಂಡರೆ ವೈರ್ ಕೈಗೆ ತೊಡರುವುದಿಲ್ಲ. ಹಿಡಿಯ ಕೆಳಗೆ ಒಂದೇ ಒಂದು ಸ್ವಿಚ್ಚು. ಇಷ್ಟೇ. ಉಷ್ಣಾಂಶ ಆರಿಸುವ ಬಟನ್ ಇಲ್ಲ, ನೀಲಿ ಲೈಟ್ ಇಲ್ಲ, ಡಿಸ್ಪ್ಲೇ ಇಲ್ಲ. ತಗೊಳ್ಳುವಾಗ ಪಕ್ಕದಲ್ಲೇ ಅವೆಲ್ಲ ಇರುವ ಒಂದು ಮಾಡೆಲ್ ಇತ್ತು. ಬೆಲೆ ಇದರ ಎರಡರಷ್ಟು. ಅದು ತಗೊಳ್ಳದೆ ಇದ್ದದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ.

ನೀರು ಕಾಯಲು ಎಷ್ಟು ಹೊತ್ತು? ಮೊಬೈಲ್ ಇಟ್ಟುಕೊಂಡು ನೋಡಿದ್ದೇನೆ. ಅರ್ಧ ಲೀಟರ್‌ಗೆ ಎರಡು ನಿಮಿಷದ ಮೇಲೆ ಸ್ವಲ್ಪ. ಒಂದು ಲೀಟರ್‌ಗೆ ಹತ್ತಿರ ಹತ್ತಿರ ನಾಲ್ಕು ನಿಮಿಷ. ತುಂಬಿಸಿ ಇಟ್ಟರೆ ಆರು. ಇದು ಲೆಕ್ಕಕ್ಕೂ ತಾಳೆಯಾಗುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೌಲ್ ಬೇಕು. ಅದನ್ನು 1500 ವ್ಯಾಟ್‌ನಿಂದ ಭಾಗಿಸಿದರೆ ಮೂರೂವರೆ ನಿಮಿಷ ಬರುತ್ತದೆ. ಉಳಿದ ಅರ್ಧ ನಿಮಿಷದ ಕಾವು ಸ್ಟೀಲ್‌ಗೂ ಸುತ್ತಲಿನ ಗಾಳಿಗೂ ಹೋಗುತ್ತದೆ. ಅಂದರೆ ಕರೆಂಟ್ ಬಹುಪಾಲು ನೀರಿಗೇ ಸೇರುತ್ತಿದೆ. ಒಲೆಯ ಮೇಲೆ ಪಾತ್ರೆ ಇಟ್ಟಾಗ ಪಕ್ಕದಿಂದ ಕಾವು ಹೊರಗೆ ಹೋಗುವ ಹಾಗೆ ಇಲ್ಲಿ ಹೋಗುವುದಿಲ್ಲ, ಕಾಯಿಸುವ ಸುರುಳಿ ತಳದ ಸ್ಟೀಲ್‌ಗೆ ಅಂಟಿಕೊಂಡೇ ಇರುತ್ತದೆ.

ಕರೆಂಟ್ ಬಿಲ್ ಹಂಚಿಕೊಳ್ಳುವ ರೂಮುಗಳಲ್ಲಿ ಜಗಳ ಬರುವುದೇ ಇಲ್ಲಿ, ಅದಕ್ಕೆ ಹೇಳುತ್ತೇನೆ. 1500 ವ್ಯಾಟ್ ಅಂದ ಕೂಡಲೇ ಎಲ್ಲರೂ ಹೆದರುತ್ತಾರೆ. ಆದರೆ ಅದು ಓಡುವುದು ನಾಲ್ಕೇ ನಿಮಿಷ. ಒಂದು ಲೀಟರ್ ಕುದಿಸಲು ಒಂದು ಯೂನಿಟ್‌ನ ಹತ್ತನೇ ಒಂದು ಭಾಗ ಸಾಕು. ಒಂದು ಯೂನಿಟ್‌ಗೆ ಹತ್ತು ಲೀಟರ್ ಎಂದು ನೆನಪಿಟ್ಟುಕೊಳ್ಳಿ. ನಿಮ್ಮ ಕಡೆ ಯೂನಿಟ್‌ಗೆ ಎಷ್ಟೋ ಅದನ್ನು ಹತ್ತರಿಂದ ಭಾಗಿಸಿದರೆ ಒಂದು ಲೀಟರ್ ಬಿಸಿನೀರಿನ ಖರ್ಚು ಸಿಕ್ಕಿತು. ನಮ್ಮ ರೂಮಿನಲ್ಲಿ ಒಂದು ಸಲ ಈ ಲೆಕ್ಕ ಗೋಡೆಯ ಮೇಲೆ ಬರೆದು ಅಂಟಿಸಿದ ಮೇಲೆ ಆ ಮಾತು ಮತ್ತೆ ಬಂದಿಲ್ಲ. ವ್ಯರ್ಥ ಆಗುವುದು ಎಲ್ಲಿ ಅಂದರೆ, ಒಂದು ಲೋಟ ಬೇಕಿದ್ದಾಗ ಒಂದೂವರೆ ಲೀಟರ್ ಕುದಿಸಿ ಉಳಿದದ್ದನ್ನು ತಣ್ಣಗಾಗಲು ಬಿಡುವುದರಲ್ಲಿ. ಬೇಕಾದಷ್ಟೇ ಹಾಕಿ. ಆದರೆ ಒಳಗೆ ಕನಿಷ್ಠ ಗೆರೆ ಒಂದು ಇರುತ್ತದೆ, ಅದಕ್ಕಿಂತ ಕೆಳಗೆ ಬೇಡ. ನಮ್ಮದರಲ್ಲಿ ಅದು ಅರ್ಧ ಲೀಟರ್.

ಈಗ ಆ ಸ್ವಿಚ್ಚಿನ ವಿಷಯ. ನನಗೆ ಈ ವಸ್ತುವಿನಲ್ಲಿ ತುಂಬಾ ಇಷ್ಟವಾದದ್ದು ಅದೇ. ನೀರು ಕುದಿದ ಕೂಡಲೇ "ಟಕ್" ಎಂದು ತಾನೇ ಆರುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಹುಡುಕಿದಾಗ ಖುಷಿಯಾಯಿತು. ನೀರಿನ ಬಿಸಿಯನ್ನು ಅದು ಅಳೆಯುವುದೇ ಇಲ್ಲ, ಉಗಿ ಬಂತಾ ಎಂದಷ್ಟೇ ನೋಡುತ್ತದೆ. ಕೆಟಲ್‌ನ ಮೇಲ್ಭಾಗದಲ್ಲಿ ಹಿಡಿಯ ಹತ್ತಿರ ಸಣ್ಣ ತೂತುಗಳಿವೆ. ನೀರು ಕೊತಕೊತ ಕುದಿದಾಗ ಉಗಿ ಆ ತೂತಿನೊಳಗೆ ನುಗ್ಗಿ ಸ್ವಿಚ್ಚಿನ ಹತ್ತಿರ ಇರುವ ಒಂದು ಸಣ್ಣ ಲೋಹದ ಬಿಲ್ಲೆಗೆ ತಾಗುತ್ತದೆ. ಆ ಬಿಲ್ಲೆ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ಅಂಟಿಸಿ ಮಾಡಿದ್ದು. ಕಾವು ತಾಗಿದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಹಾಗಾಗಿ ಬಿಲ್ಲೆ ಬಾಗಿ ಪಟ್ಟನೆ ಆಚೆ ಕಡೆಗೆ ಮಗುಚುತ್ತದೆ, ಸ್ವಿಚ್ಚನ್ನು ತಳ್ಳುತ್ತದೆ. ಹೈಸ್ಕೂಲ್‌ನಲ್ಲಿ ದ್ವಿಲೋಹ ಪಟ್ಟಿ ಎಂದು ಚಿತ್ರ ಬರೆದು ಅಂಕ ತೆಗೆದುಕೊಂಡು ಮರೆತಿದ್ದೆ. ಅದು ದಿನಕ್ಕೆ ಐದು ಸಲ ನನ್ನ ಮೇಜಿನ ಮೇಲೆ ಕೆಲಸ ಮಾಡುತ್ತಿದೆ! ಬ್ರಿಟನ್ನಿನ ರಸೆಲ್ ಹಾಬ್ಸ್ ಕಂಪನಿ 1955ರಲ್ಲೇ ಹೀಗೆ ಉಗಿ ತಾಗಿದರೆ ತಾನೇ ಆರುವ ಕೆಟಲ್ ತಂದಿತ್ತು. ಎಪ್ಪತ್ತು ವರ್ಷದ ಹಳೇ ಉಪಾಯ. ಚಿಪ್ ಇಲ್ಲ, ಸೆನ್ಸರ್ ಇಲ್ಲ, ಕೆಡಲು ಜಾಸ್ತಿ ಏನೂ ಇಲ್ಲ.

ಇದು ಗೊತ್ತಿದ್ದರೆ ಒಂದು ಅಪಾಯವೂ ಗೊತ್ತಾಗುತ್ತದೆ. ಮುಚ್ಚಳ ತೆರೆದಿದ್ದರೆ ಉಗಿ ಮೇಲೆ ಹೋಗಿಬಿಡುತ್ತದೆ, ಆ ತೂತಿಗೆ ಹೋಗುವುದಿಲ್ಲ. ಕೆಟಲ್ ಆರುವುದಿಲ್ಲ. ನಮ್ಮ ರೂಮಿನಲ್ಲಿ ಇದು ನಡೆದಿದೆ. ಇಂಟರ್ನಲ್ಸ್ ಸಮಯ, ರಾತ್ರಿ ಒಂದೂವರೆ, ಮೂವರೂ ತಲೆ ತಗ್ಗಿಸಿ ಓದುತ್ತಿದ್ದೆವು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿ ನೋಡಿದರೆ ಕಿಟಕಿ ಗಾಜೆಲ್ಲ ಮಬ್ಬು, ಗೋಡೆಯ ಕ್ಯಾಲೆಂಡರ್ ತೇವಕ್ಕೆ ಸುರುಟಿಕೊಂಡಿದೆ, ಕೆಟಲ್ ಇನ್ನೂ ಕುದಿಯುತ್ತಲೇ ಇದೆ. ಒಳಗೆ ಎರಡು ಬೆರಳಷ್ಟು ನೀರು ಉಳಿದಿತ್ತು. ನೀರು ಪೂರ್ತಿ ಬತ್ತಿದ್ದರೂ ತಳದಲ್ಲಿ ಇನ್ನೊಂದು ಅಂಥದೇ ಬಿಲ್ಲೆ ಇದೆ, ಅದು ತಳ ವಿಪರೀತ ಕಾದಾಗ ಕರೆಂಟ್ ಕಡಿಯುತ್ತದೆ. ಆದರೆ ಅದು ಕೊನೆಯ ಕಾವಲು, ಅದನ್ನು ನಂಬಿ ಕೂರುವುದು ಬೇಡ. ಅವತ್ತಿನಿಂದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ, ಅದು ಕಚ್ಚಿಕೊಂಡ ಸದ್ದು ಕೇಳಿಸಿಕೊಂಡೇ ಸ್ವಿಚ್ ಹಾಕುತ್ತೇವೆ. ಕೊಳ್ಳುವಾಗಲೂ ಅಂಗಡಿಯಲ್ಲಿ ಮುಚ್ಚಳವನ್ನು ಹತ್ತು ಸಲ ತೆಗೆದು ಹಾಕಿ ನೋಡಿ. ಸಡಿಲ ಅನ್ನಿಸಿದರೆ ಬೇಡವೇ ಬೇಡ.

ಇನ್ನೊಂದು ವಿಷಯ ಪ್ಲಗ್. ದಯವಿಟ್ಟು ಇದನ್ನು ಓದಿ. ಮೊದಲ ಮೂರ್ನಾಲ್ಕು ತಿಂಗಳು ನಾವು ಕೆಟಲ್ ಅನ್ನು ಎಲ್ಲದಕ್ಕೂ ಬಳಸುವ ಎಕ್ಸ್‌ಟೆನ್ಷನ್ ಬೋರ್ಡ್‌ಗೇ ಹಾಕುತ್ತಿದ್ದೆವು. ಅದೇ ಬೋರ್ಡ್‌ನಲ್ಲಿ ಎರಡು ಲ್ಯಾಪ್‌ಟಾಪ್, ಮೂರು ಫೋನ್. ಒಂದು ದಿನ ಪ್ಲಗ್ ಕೀಳುವಾಗ ಕೈಗೆ ಬಿಸಿ ತಾಗಿತು. ತೆಗೆದು ನೋಡಿದರೆ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿತ್ತು, ಬೋರ್ಡ್‌ನ ತೂತಿನ ಸುತ್ತ ಪ್ಲಾಸ್ಟಿಕ್ ಮೆತ್ತಗಾಗಿ ಒಳಕ್ಕೆ ಜಗ್ಗಿತ್ತು. ನಮ್ಮ ಎದೆ ಧಸಕ್ಕೆಂದಿತು. ಕೆಟಲ್‌ದು ತಪ್ಪಿರಲಿಲ್ಲ. 230 ವೋಲ್ಟ್ ಇರುವ ಕಡೆ 1500 ವ್ಯಾಟ್ ಅಂದರೆ ಆರೂವರೆ ಆಂಪ್ ಕರೆಂಟ್ ಹರಿಯುತ್ತದೆ. ಫೋನ್ ಚಾರ್ಜ್ ಮಾಡಲೆಂದು ಮಾಡಿದ ತೆಳು ವೈರ್‌ಗೆ ಅದು ಭಾರ. ಅದರ ಮೇಲೆ ಪಿನ್ ಸಡಿಲ ಇದ್ದರೆ ಕಾವೆಲ್ಲ ಆ ಒಂದು ಜಾಗದಲ್ಲೇ ಹುಟ್ಟುತ್ತದೆ. ಗೋಡೆಯಲ್ಲಿರುವ ದಪ್ಪ ಪಿನ್ನಿನ ಪವರ್ ಸಾಕೆಟ್‌ಗೇ ಹಾಕಿ. ಅಲ್ಲಿಗೆ ವೈರ್ ಎಟಕುವುದಿಲ್ಲ ಎಂದರೆ ಕೆಟಲ್ ಇಡುವ ಜಾಗ ಬದಲಿಸಿ, ವೈರ್ ಉದ್ದ ಮಾಡಬೇಡಿ. ಕೆಟಲ್‌ನ ವೈರ್ ಗಿಡ್ಡ ಇರುವುದು ಯಾರೂ ಎಡವಿ ಕುದಿಯುವ ನೀರು ಮೈಮೇಲೆ ಬೀಳದಿರಲಿ ಎಂದು.

ಹಾಸ್ಟೆಲ್‌ನಲ್ಲಿ ಇಂಥವು ಇಟ್ಟುಕೊಳ್ಳಬಹುದೋ ಇಲ್ಲವೋ ಎಂದು ಮೊದಲೇ ವಾರ್ಡನ್ ಹತ್ತಿರ ಕೇಳಿಕೊಳ್ಳಿ. ನಮ್ಮಲ್ಲಿ ಕೆಟಲ್ ಬಿಡುತ್ತಾರೆ, ಒಲೆ ಬಿಡುವುದಿಲ್ಲ. ಕೆಲವು ಕಡೆ ಎರಡೂ ಇಲ್ಲ. ಕದ್ದು ಇಟ್ಟುಕೊಂಡರೆ ಬಟ್ಟೆಯ ಮಧ್ಯೆ, ಮಂಚದ ಕೆಳಗೆ ಇಡುತ್ತೀರಿ, ಅಲ್ಲೇ ಅನಾಹುತ ಆಗುವುದು.

ಸರಿ, ಇದರಲ್ಲಿ ಏನೇನು ಮಾಡಬಹುದು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಉತ್ತರ: ನೀರು ಕುದಿಸಬಹುದು. ಅಷ್ಟೇ. ಇದನ್ನು ನಾನು ಕಷ್ಟಪಟ್ಟು ಕಲಿತದ್ದು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿರುವುದು. ಮೊದಲ ತಿಂಗಳಲ್ಲೇ ಹಾಲು ಕಾಯಿಸಲು ಹೋದೆವು. ನೀರಿಗೂ ಹಾಲಿಗೂ ಏನು ವ್ಯತ್ಯಾಸ ಎಂದುಕೊಂಡಿದ್ದೆವು. ಹಾಲು ಒಂದು ನಿಮಿಷ ಸುಮ್ನೆ ಇತ್ತು. ಆಮೇಲೆ ನೊರೆ ಎದ್ದು ಮೂತಿಯಿಂದ ಉಕ್ಕಿ ಬಂತು, ಹಿಡಿಯ ಮೇಲೆ ಇಳಿಯಿತು, ಸ್ಟ್ಯಾಂಡ್‌ನ ನಡುವಿನ ಗುಂಡಿಗೂ ಹೋಯಿತು, ಕರೆಂಟ್ ಬರುವ ಜಾಗ ಅದು. ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತೆವು. ಒಳಗೆ ನೋಡಿದರೆ ತಳ ಹಿಡಿದಿತ್ತು, ದುಂಡಗೆ ಕಂದು ಬಣ್ಣದ ಪದರ. ಆ ಸೀದ ವಾಸನೆ ಎರಡು ವಾರ ಹೋಗಲಿಲ್ಲ. ಉಗಿ ಹೋಗುವ ತೂತಿನೊಳಗೆ ಸೇರಿದ ಹಾಲು ಅಲ್ಲೇ ಹುಳಿಯಾಯಿತು, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಇನ್ನೊಂದು ತೊಂದರೆ ಶುರುವಾಯಿತು: ನೀರು ಕುದಿಯುವ ಮೊದಲೇ ಕೆಟಲ್ ಆರತೊಡಗಿತು. ಕೆಟ್ಟುಹೋಯಿತು ಎಂದುಕೊಂಡೆವು. ಕೆಟ್ಟಿರಲಿಲ್ಲ. ಸೀದ ಪದರ ಅಡ್ಡ ಇರುವುದರಿಂದ ಕಾವು ನೀರಿಗೆ ದಾಟುತ್ತಿರಲಿಲ್ಲ, ತಳವೇ ಕಾದು ಕೆಳಗಿನ ಬಿಲ್ಲೆ ಕರೆಂಟ್ ಕಡಿಯುತ್ತಿತ್ತು. ಬಿಸಿನೀರು ಹಾಕಿ ನೆನೆಸಿ, ಮೆತ್ತನೆ ಸ್ಪಂಜಿನಿಂದ ಮೂರು ದಿನ ಉಜ್ಜಿದ ಮೇಲೆ ಸರಿಹೋಯಿತು.

ನೂಡಲ್ಸ್, ಸೂಪ್, ಅನ್ನ ಎಲ್ಲದಕ್ಕೂ ಇದೇ ಮಾತು. ಕೆಟಲ್‌ನೊಳಗೇ ಅಡುಗೆ ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ಅವರು ಆ ಕೆಟಲ್ ಅನ್ನು ಎರಡು ವರ್ಷ ಬಳಸಿ ತೋರಿಸಿಲ್ಲ. ಪಿಷ್ಟ ಇರುವ ಯಾವುದೇ ನೀರು ನೊರೆ ಕಟ್ಟಿ ಉಕ್ಕುತ್ತದೆ, ತಳಕ್ಕೆ ಅಂಟುತ್ತದೆ. ಹಾಗೆಂದು ಹಸಿದುಕೊಂಡು ಇರಬೇಕಿಲ್ಲ. ಕುದಿದ ನೀರನ್ನು ಹೊರಗೆ ತನ್ನಿ, ಅಡುಗೆ ಹೊರಗೆ ಆಗಲಿ. ಇದಕ್ಕೆ ನಮ್ಮ ಹತ್ತಿರ ಇರುವುದು ಅಗಲ ಬಾಯಿಯ ಒಂದು ಫ್ಲಾಸ್ಕ್ ಮತ್ತು ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿ. ತೆಳು ನೂಡಲ್ಸ್ ಡಬ್ಬಿಗೆ ಹಾಕಿ, ಮುಳುಗುವಷ್ಟು ಕುದಿನೀರು ಸುರಿದು, ಮುಚ್ಚಿ ಮೇಲೆ ಒಂದು ಟವೆಲ್ ಸುತ್ತಿಟ್ಟರೆ ಐದಾರು ನಿಮಿಷದಲ್ಲಿ ಬೆಂದಿರುತ್ತದೆ. ತುರಿದ ಕ್ಯಾರೆಟ್ ಅದರ ಜೊತೆಗೇ ಮೆತ್ತಗಾಗುತ್ತದೆ. ಓಟ್ಸ್‌ಗೆ ಫ್ಲಾಸ್ಕ್ ಸರಿ, ಕ್ಲಾಸಿಗೆ ಹೊರಡುವ ಮೊದಲು ಸ್ನಾನಕ್ಕೆ ಹೋಗುವಾಗ ಹಾಕಿಟ್ಟರೆ ಬರುವಷ್ಟರಲ್ಲಿ ತಯಾರು.

ಮೊಟ್ಟೆಯ ಬಗ್ಗೆ ಪಕ್ಕದ ರೂಮಿನವರಿಗೂ ನಮಗೂ ಒಮ್ಮತ ಇಲ್ಲ. ಅವರು ಕೆಟಲ್‌ನೊಳಗೇ ಬೇಯಿಸುತ್ತಾರೆ. ಕೆಲಸ ಆಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಮೊಟ್ಟೆಯ ಚಿಪ್ಪಿನ ಮೇಲಿನ ಕೊಳೆ ಕುಡಿಯುವ ನೀರಿನ ಪಾತ್ರೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ, ಒಂದು ಮೊಟ್ಟೆ ಒಡೆದರಂತೂ ಹಾಲಿನ ಕಥೆಯೇ ಮತ್ತೆ. ನಾವು ಫ್ಲಾಸ್ಕ್‌ಗೆ ಮೊದಲು ಸ್ವಲ್ಪ ಕುದಿನೀರು ಹಾಕಿ ಅದನ್ನು ಬೆಚ್ಚಗೆ ಮಾಡಿ, ಚೆಲ್ಲಿ, ಎರಡು ಮೊಟ್ಟೆ ಮೆಲ್ಲಗೆ ಇಳಿಸಿ, ಒಂದು ಲೀಟರ್ ಹೊಸ ಕುದಿನೀರು ಸುರಿದು ಮುಚ್ಚುತ್ತೇವೆ. ಇಪ್ಪತ್ತು ನಿಮಿಷ. ಹಳದಿ ಗಟ್ಟಿಯಾಗಿರುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆ ಮೊಟ್ಟೆಯಾದರೆ ಇನ್ನೈದು ನಿಮಿಷ ಜಾಸ್ತಿ ಬಿಡಿ. ಅಕ್ಕಿಯನ್ನೂ ಹೀಗೇ ಫ್ಲಾಸ್ಕ್‌ನಲ್ಲಿ ಎರಡು ಸಲ ನೋಡಿದೆವು, ಹೊರಗೆ ಮೆತ್ತಗೆ, ಕಾಳಿನ ನಡುವೆ ಗಟ್ಟಿ. ಬಿಟ್ಟುಬಿಟ್ಟೆವು.

ಬಿಸಿನೀರು ಕೈಗೆ ಸುಲಭವಾಗಿ ಸಿಗತೊಡಗಿದ ಮೇಲೆ ನಾವು ಯೋಚಿಸದೇ ಇದ್ದ ಉಪಯೋಗಗಳು ಒಂದೊಂದಾಗಿ ಬಂದವು. ಒಂದು ಬೆಳಿಗ್ಗೆ ನಲ್ಲಿಯಲ್ಲಿ ಬಿಸಿನೀರು ಬರಲಿಲ್ಲ, ನನಗೆ ಪ್ರೆಸೆಂಟೇಶನ್, ತಲೆಸ್ನಾನ ಮಾಡಲೇಬೇಕಿತ್ತು. ಬಕೆಟ್‌ಗೆ ಐದು ಲೀಟರ್ ತಣ್ಣೀರು ಹಿಡಿದು ಅದಕ್ಕೆ ಒಂದೂವರೆ ಲೀಟರ್ ಕುದಿನೀರು ಸೇರಿಸಿದೆ. ನೀರು 25 ಡಿಗ್ರಿ ಇದ್ದರೆ ಈ ಬೆರಕೆ ಸುಮಾರು 42 ಡಿಗ್ರಿಗೆ ಬರುತ್ತದೆ, ಮೈಗೆ ಹಿತವಾಗುವ ಬಿಸಿ. ಚಳಿಗಾಲದಲ್ಲಿ ನೀರು 15 ಡಿಗ್ರಿ ಇದ್ದರೆ ತಣ್ಣೀರು ನಾಲ್ಕು ಲೀಟರ್‌ಗೆ ಇಳಿಸಿ, 38 ಡಿಗ್ರಿ ಸಿಗುತ್ತದೆ. ಯಾವಾಗಲೂ ತಣ್ಣೀರು ಮೊದಲು, ಕುದಿನೀರು ಆಮೇಲೆ. ಇಷ್ಟು ನೀರಲ್ಲಿ ಒಬ್ಬರ ತಲೆ ತೊಳೆಯುವುದು ಆಗುತ್ತದೆ.

ಶರ್ಟಿನ ಕಾಲರ್ ಇಸ್ತ್ರಿ ಮಾಡಿದ್ದೂ ಇದರಿಂದಲೇ. ತಳ ಸಪಾಟಾಗಿರುವ ಸ್ಟೀಲ್ ಲೋಟಕ್ಕೆ ಮುಕ್ಕಾಲು ಕುದಿನೀರು ತುಂಬಿಸಿ, ಬಟ್ಟೆಯಲ್ಲಿ ಹಿಡಿದು, ಸ್ವಲ್ಪ ತೇವ ಮಾಡಿದ ಕಾಲರ್ ಮೇಲೆ ನಿಧಾನ ಒತ್ತುತ್ತಾ ಹೋಗಬೇಕು. ಪೂರ್ತಿ ಶರ್ಟ್ ಆಗುವುದಿಲ್ಲ. ಕಾಲರ್, ತೋಳಿನ ತುದಿ, ಗುಂಡಿಯ ಪಟ್ಟಿ ಇಷ್ಟಾದರೆ ಸಾಕು, ಇಂಟರ್‌ವ್ಯೂಗೆ ಹೋಗಬಹುದು. ನೆಗಡಿಯಾದಾಗ ಗಂಟಲು ಮುಕ್ಕಳಿಸಲು ಉಪ್ಪುನೀರು, ಹೊಟ್ಟೆನೋವಿನ ದಿನ ರಬ್ಬರ್ ಚೀಲಕ್ಕೆ ಬಿಸಿನೀರು. ಚೀಲಕ್ಕೆ ಕುದಿಯುವ ನೀರನ್ನೇ ಸುರಿಯಬೇಡಿ, ಐದು ನಿಮಿಷ ಆರಲು ಬಿಟ್ಟು ಸುರಿಯಿರಿ. ರಾತ್ರಿ ಮೂರು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಾಗ ರೂಮ್‌ಮೇಟ್ ಎದ್ದು, ಲೈಟ್ ಹಾಕದೆ, ಕೆಟಲ್ ಹಾಕಿ ಚೀಲ ತುಂಬಿ ತಂದು ಕೊಟ್ಟಳು. ಆ ಕತ್ತಲಲ್ಲಿ ಸ್ವಿಚ್ಚಿನ "ಟಕ್" ಸದ್ದು ಕೇಳಿದ್ದು ನನಗೆ ಇನ್ನೂ ನೆನಪಿದೆ.

ಕುಡಿಯುವ ನೀರಿಗೂ ಇದು ಆಗುತ್ತದೆ, ಆದರೆ ಎಲ್ಲ ನೀರಿಗೂ ಅಲ್ಲ. ನೀರು ಕೊತಕೊತ ಕುದಿದರೆ ಕಾಯಿಲೆ ತರುವ ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ. ಅಷ್ಟು ಕುದಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ನಿಮಿಷ ಕುದಿಯಲಿ ಎನ್ನುತ್ತದೆ, 2000 ಮೀಟರ್‌ಗಿಂತ ಎತ್ತರದ ಜಾಗದಲ್ಲಾದರೆ ಮೂರು ನಿಮಿಷ. ಎತ್ತರಕ್ಕೆ ಹೋದಷ್ಟೂ ನೀರು ಕಮ್ಮಿ ಬಿಸಿಯಲ್ಲೇ ಕುದಿಯುತ್ತದೆ, ಅದಕ್ಕೆ. ಕೆಟಲ್ ಕುದಿ ಬಂದ ಕೆಲವೇ ಸೆಕೆಂಡಿನಲ್ಲಿ ಆರುವುದರಿಂದ, ನೀರಿನ ಬಗ್ಗೆ ಅನುಮಾನ ಇರುವ ದಿನ ನಾವು ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ ಹಾಕುತ್ತೇವೆ. ಆದರೆ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಥರದ್ದು ಇದ್ದರೆ ಕುದಿಸಿ ಏನೂ ಪ್ರಯೋಜನವಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಜಾಸ್ತಿಯಾಗುತ್ತದೆ.

ಆರು ತಿಂಗಳು ಕಳೆಯುವಷ್ಟರಲ್ಲಿ ಒಳಗೆ ಬಿಳಿ ಪದರ ಕಟ್ಟಿತ್ತು. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ. ಸುಣ್ಣದ ಸಂಬಂಧವೇ ಅದು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕುದಿಸಿದಾಗ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ತಳಕ್ಕೆ ಕೂರುತ್ತದೆ. ಕುಡಿದರೆ ತೊಂದರೆಯಿಲ್ಲ. ಆದರೆ ಟೀ ಮೇಲೆ ಒಂದು ತೆಳು ಪರೆ ತೇಲುತ್ತದೆ, ನೀರು ಕಾಯಲು ಹೊತ್ತು ಜಾಸ್ತಿ ಹಿಡಿಯುತ್ತದೆ, ಸದ್ದೂ ಜಾಸ್ತಿ. ಬಾಜಾರಿನಲ್ಲಿ ಇದಕ್ಕೆಂದೇ ದುಬಾರಿ ದ್ರಾವಣಗಳಿವೆ, ಬೇಕಿಲ್ಲ. ಅರ್ಧ ಲೀಟರ್ ನೀರು ಕುದಿಸಿ, ಸ್ವಿಚ್ ಆರಿಸಿ, ಆಮೇಲೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಹಾಕಿ. ಕುದಿಯುವಾಗಲೇ ಹಾಕಿದರೆ ನೊರೆ ಉಕ್ಕುತ್ತದೆ, ಹಾಗೆ ಮಾಡಬೇಡಿ. ಸುಂಯ್ ಎಂದು ಗುಳ್ಳೆ ಏಳುತ್ತದೆ, ಅದು ಕಾರ್ಬನ್ ಡೈಆಕ್ಸೈಡ್. ಇಪ್ಪತ್ತು ನಿಮಿಷ ಬಿಟ್ಟು ಚೆಲ್ಲಿದರೆ ತಳ ಹೊಸದರಂತೆ ಹೊಳೆಯುತ್ತದೆ. ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ. ವಿನೆಗರ್ ಇದ್ದರೆ ಅರ್ಧ ವಿನೆಗರ್, ಅರ್ಧ ನೀರು, ಅದೂ ಆಗುತ್ತದೆ, ವಾಸನೆ ಮಾತ್ರ ಒಂದು ದಿನ ರೂಮಲ್ಲಿ ಇರುತ್ತದೆ. ಎರಡು ತಿಂಗಳಿಗೊಮ್ಮೆ ಮಾಡುತ್ತೇವೆ. ಇಡೀ ಕೆಟಲ್ ಅನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವ ಅಭ್ಯಾಸ ಇದ್ದರೆ ಬಿಡಿ, ತಳಕ್ಕೆ ನೀರು ಹೋಗಬಾರದು. ಉಳಿದ ನೀರನ್ನು ರಾತ್ರಿ ಚೆಲ್ಲಿ, ಮುಚ್ಚಳ ತೆರೆದು ಒಣಗಲು ಬಿಟ್ಟರೆ ಈ ಪದರ ಕಟ್ಟುವುದು ನಿಧಾನವಾಗುತ್ತದೆ.

ಕೊರತೆ ಏನೂ ಇಲ್ಲವಾ? ಇದೆ. ಸದ್ದು ಜಾಸ್ತಿ. ಕುದಿ ಬರುವ ಒಂದು ನಿಮಿಷ ಮೊದಲು ಗುಂಯ್ ಎಂದು ಜೋರಾಗುತ್ತದೆ. ತಳದಲ್ಲಿ ಹುಟ್ಟಿದ ಉಗಿಯ ಗುಳ್ಳೆಗಳು ಮೇಲಿನ ತಣ್ಣೀರಿಗೆ ಬಂದು ಒಡೆಯುವ ಸದ್ದು ಅದು, ನೀರೆಲ್ಲ ಒಂದೇ ಬಿಸಿಗೆ ಬಂದ ಮೇಲೆ ಇಳಿಯುತ್ತದೆ. ಬೆಳಗಿನ ಜಾವ ಮಲಗಿರುವವರಿಗೆ ಎಚ್ಚರವಾಗುತ್ತದೆ. ನಾನು ಬೇಗ ಏಳುವವಳು, ಹಾಗಾಗಿ ರಾತ್ರಿಯೇ ಫ್ಲಾಸ್ಕ್ ತುಂಬಿಸಿಡುತ್ತೇನೆ. ಇನ್ನೊಂದು, ಹೊರಗಿನ ಸ್ಟೀಲ್ ಒಂದೇ ಪದರ, ಕೈ ತಾಗಿದರೆ ಚುರುಕ್ ಎನ್ನುತ್ತದೆ. ಇಕ್ಕಟ್ಟಾದ ಮೇಜಿನ ಮೇಲೆ ಪುಸ್ತಕ ಎತ್ತಲು ಹೋಗಿ ಮೂವರೂ ಒಂದೊಂದು ಸಲ ಸುಟ್ಟುಕೊಂಡಿದ್ದೇವೆ. ಎರಡು ಪದರದ್ದು ಸಿಗುತ್ತದೆ, ಕೈಯಲ್ಲಿ ಸ್ವಲ್ಪ ಜಾಸ್ತಿ ಇದ್ದರೆ ಆ ಒಂದಕ್ಕೆ ಖರ್ಚು ಮಾಡಬಹುದು. ನೀರಿನ ಮಟ್ಟ ಹೊರಗಿನಿಂದ ಕಾಣುವುದಿಲ್ಲ, ಪ್ರತಿ ಸಲ ಮುಚ್ಚಳ ತೆಗೆದು ನೋಡಬೇಕು. ಒಂದೂವರೆ ವರ್ಷಕ್ಕೆ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿದೆ, ಮೊದಲಿನ ಹಾಗೆ ಚಿಮ್ಮಿ ತೆರೆಯುವುದಿಲ್ಲ, ಕೈಯಲ್ಲಿ ಎತ್ತಬೇಕು. ಮುಚ್ಚುವಾಗ ಸರಿಯಾಗಿ ಕಚ್ಚಿಕೊಳ್ಳುತ್ತಿದೆ, ನನಗೆ ಬೇಕಿದ್ದದ್ದು ಅದು.

ಅರ್ಧ ಲೀಟರ್‌ನ ಪುಟ್ಟ ಟ್ರಾವೆಲ್ ಕೆಟಲ್ ಬಗ್ಗೆ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಅವು ಸಾಮಾನ್ಯವಾಗಿ 600 ವ್ಯಾಟ್ ಹತ್ತಿರ ಇರುತ್ತವೆ. ಅರ್ಧ ಲೀಟರ್‌ಗೆ ಐದು ನಿಮಿಷ ಬೇಕು. ಒಬ್ಬರೇ ಇರುವವರಿಗೆ, ಹಳೇ ವೈರಿಂಗ್ ಇರುವ ರೂಮಿಗೆ ಅದೇ ಒಳ್ಳೆಯದು. ಕರೆಂಟ್ ಖರ್ಚು ಉಳಿಯುತ್ತದೆ ಎಂದುಕೊಂಡು ಮಾತ್ರ ತಗೊಳ್ಳಬೇಡಿ, ಅಷ್ಟೇ ನೀರಿಗೆ ಅಷ್ಟೇ ಯೂನಿಟ್, ಹೊತ್ತು ಮಾತ್ರ ಬೇರೆ. ಒಳಗೆ ಪ್ಲಾಸ್ಟಿಕ್ ಇರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಗೆಳತಿಯ ಹತ್ತಿರ ಇತ್ತು, ಹತ್ತು ಸಲ ಕುದಿಸಿ ಚೆಲ್ಲಿದರೂ ನೀರಿಗೆ ಹೊಸ ಚಪ್ಪಲಿಯ ವಾಸನೆ. ಹೊಸ ಸ್ಟೀಲ್ ಕೆಟಲ್‌ಗೂ ಮೊದಲ ಎರಡು ಮೂರು ಸಲ ಸ್ವಲ್ಪ ವಾಸನೆ ಇರುತ್ತದೆ, ಕುದಿಸಿ ಚೆಲ್ಲಿದರೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಪ್ಲಗ್‌ನ ಪಿನ್, ಸ್ಟ್ಯಾಂಡ್‌ನ ನಡುವಿನ ಗುಂಡಿ, ಈ ಎರಡು ಜಾಗದಲ್ಲಿ ಕಪ್ಪು ಕಲೆ ಇದೆಯಾ ನೋಡಿ. ಇದ್ದರೆ ಬಿಟ್ಟಿ ಕೊಟ್ಟರೂ ಬೇಡ.

ಖರ್ಚಿನ ಪುಸ್ತಕಕ್ಕೆ ಬರುತ್ತೇನೆ. ಕೆಟಲ್ ಬಂದ ಎರಡನೇ ತಿಂಗಳಲ್ಲಿ ಮತ್ತೆ ಒಂದು ವಾರ ಬರೆದೆ. ಹೊರಗೆ ಟೀ ಐದು ಸಲ. ರಾತ್ರಿ ಆರ್ಡರ್ ಒಂದೂ ಇಲ್ಲ. ಕೆಟಲ್‌ಗೆ ನಾನು ಹಾಕಿದ್ದ ಪಾಲು ಒಂದು ತಿಂಗಳೊಳಗೆ ವಾಪಸ್ ಬಂದಿತ್ತು. ಹೊರಗೆ ಹೋಗುವುದನ್ನು ಪೂರ್ತಿ ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಗೆಳತಿಯರ ಜೊತೆ ಕೂತು ಕುಡಿಯುವ ಟೀ ಬೇರೆಯೇ. ನಿಂತದ್ದು, ಬೇಜಾರಿಗೆ, ನಿದ್ದೆ ತಡೆಯಲು, ಸುಮ್ನೆ ಎದ್ದು ಹೋಗಿ ಕುಡಿಯುತ್ತಿದ್ದದ್ದು. ತಿಂಗಳ ಕೊನೆಯ ವಾರ ಅಮ್ಮನಿಗೆ ಫೋನ್ ಮಾಡಿ ಇನ್ನೊಂದಿಷ್ಟು ಹಾಕಿ ಎಂದು ಕೇಳುವಾಗ ಗಂಟಲು ಕಟ್ಟುತ್ತಿತ್ತು, ಅಪ್ಪನಿಗೆ ಹೇಳಬೇಡಿ ಎನ್ನುತ್ತಿದ್ದೆ. ಆ ಫೋನ್ ಮಾಡಿ ಈಗ ಒಂದೂವರೆ ವರ್ಷದ ಮೇಲಾಯಿತು.

ಈ ಸೆಮಿಸ್ಟರ್ ಮುಗಿದರೆ ನಾವು ಮೂವರೂ ಮೂರು ಕಡೆ. ಕೆಟಲ್ ಯಾರಿಗೆ ಎಂದು ಮಾತು ಬಂತು. ಪಕ್ಕದ ರೂಮಿಗೆ ಹೊಸದಾಗಿ ಬಂದಿರುವ ಹುಡುಗಿ ಎರಡು ವಾರದಿಂದ ರಾತ್ರಿ ಲೋಟ ಹಿಡಿದುಕೊಂಡು ಬಂದು, "ಅಕ್ಕಾ, ಸ್ವಲ್ಪ ಬಿಸಿನೀರು ಇದೆಯಾ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಾಳೆ. ಅವಳಿಗೇ ಕೊಡುವುದು ಎಂದು ಮೂವರೂ ಒಪ್ಪಿದ್ದೇವೆ. ನಿನ್ನೆ ಅವಳನ್ನು ಒಳಗೆ ಕರೆದು, ಕೂರಿಸಿ, ಮುಚ್ಚಳ ಒತ್ತುವುದು ಹೇಗೆ ಎಂದು ತೋರಿಸಿಕೊಟ್ಟೆ. ಸಿಟ್ರಿಕ್ ಆಸಿಡ್ ಪೊಟ್ಟಣದಲ್ಲಿ ಇನ್ನೂ ಅರ್ಧ ಉಳಿದಿದೆ, ಅದನ್ನೂ ಕೆಟಲ್ ಜೊತೆಗೇ ಇಟ್ಟಿದ್ದೇನೆ.